ಬಂಡಿಗೆ ಲಾಂದ್ರವಿತ್ತು, ಟ್ರೇಲರಿಗೆ ದೀಪವೇಕಿಲ್ಲ?

ಬೇಸಾಯಶಾಸ್ತ್ರದವನಾದ ನನ್ನಿಂದ ನೀವು ಕಬ್ಬಿನ ತಳಿ, ಸಾಲಿನ ಅಂತರ, ಗೊಬ್ಬರದ ಪ್ರಮಾಣ ಮುಂತಾದ ವಿಷಯಗಳ ಬಗ್ಗೆ ಲೇಖನ ನಿರೀಕ್ಷಿಸುವುದು ಸಹಜ. ಆದರೆ ಈ ಸಲ ನಾನು ಬರೆಯುತ್ತಿರುವುದು ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದಾದ, ಏಳು ಪಿನ್ನುಗಳ ಒಂದು ಪ್ಲಗ್ಗಿನ ಬಗ್ಗೆ. ಟ್ರಾಕ್ಟರಿನ ವಿದ್ಯುತ್ತನ್ನು ಟ್ರೇಲರಿನ ಹಿಂದಿನ ದೀಪಗಳಿಗೆ ದಾಟಿಸುವ ಸಾಧನ ಅದೇ. ಬೆಳೆದ ಬೆಳೆ ಕಾರ್ಖಾನೆಯನ್ನೋ ಮಾರುಕಟ್ಟೆಯನ್ನೋ ಸುರಕ್ಷಿತವಾಗಿ ಸೇರುವವರೆಗೆ ಬೇಸಾಯ ಮುಗಿಯಿತೆಂದು ಹೇಳಲಾಗದು. ಆದ್ದರಿಂದ ಇದೂ ನಮ್ಮ ವಿಷಯವೇ ಎಂಬುದು ನನ್ನ ಅಭಿಪ್ರಾಯ.

ಕಳೆದ ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾತ್ಯಕ್ಷಿಕೆ ತಾಕಿನ ಕಟಾವು ಮುಗಿಸಿ, ಇಳುವರಿಯ ಲೆಕ್ಕ ಬರೆದುಕೊಂಡು ಹಿಂತಿರುಗುತ್ತಿದ್ದೆವು. ಕತ್ತಲಾಗಿ ಒಂದು ಗಂಟೆ ಕಳೆದಿತ್ತು. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದು, ಅದು ದಾಟಿದ ಮರುಕ್ಷಣವೇ ನಮ್ಮ ಮುಂದೆ ಕಬ್ಬು ತುಂಬಿದ ಟ್ರೇಲರೊಂದು ಗೋಡೆಯಂತೆ ನಿಂತಿತ್ತು. ನಮ್ಮ ಚಾಲಕರು ಜೀಪನ್ನು ಮಣ್ಣಿನ ಅಂಚಿಗೆ ಇಳಿಸಿದ್ದರಿಂದ ನಾನು ಇಂದು ಈ ಲೇಖನ ಬರೆಯುತ್ತಿದ್ದೇನೆ. ಟೈರು ಪಂಕ್ಚರಾಗಿ ನಿಂತಿದ್ದ ಗಾಡಿ ಅದು. ಚಕ್ರದ ಹಿಂದೆ ಎರಡು ಕಲ್ಲು ಇಟ್ಟಿದ್ದರು. ದೀಪ ಮಾತ್ರ ಇರಲಿಲ್ಲ.

ಚಾಲಕನನ್ನು ಗದರಿಸುವ ಮನಸ್ಸಿನಿಂದಲೇ ಇಳಿದು ಹೋದೆ. ಆತ ನಮ್ಮಷ್ಟೇ ಹೆದರಿದ್ದ. "ದೀಪ ಇದ್ದೂರಿ ಸಾಹೇಬ್ರ. ಸೀಜನ್ ಸುರು ಆಗೂ ಮುಂದ ಹಾಕ್ಸೀನಿ. ಒಂದ್ ತಿಂಗಳ ಉರದ್ವು, ಆಮ್ಯಾಲ ಹೋದ್ವು" ಎಂದ. ಬ್ಯಾಟರಿ ದೀಪ ಹಿಡಿದು ನೋಡಿದೆವು. ಬಲ್ಬುಗಳು ಸರಿಯಾಗಿದ್ದವು. ತಂತಿಯೂ ತುಂಡಾಗಿರಲಿಲ್ಲ. ಪ್ಲಗ್ಗಿನ ಪಿನ್ನುಗಳ ಮೇಲೆ ಮಾತ್ರ ಮೈಲುತುತ್ತ ಬಳಿದಂತೆ ಹಸಿರು ಕಿಲುಬು ಕಟ್ಟಿತ್ತು. ಎರಡು ಪಿನ್ನುಗಳು ಸಾಕೆಟ್ಟಿನೊಳಗೆ ಸಡಿಲವಾಗಿ ಅಲ್ಲಾಡುತ್ತಿದ್ದವು. ಲಕ್ಷಾಂತರ ರೂಪಾಯಿಯ ಟ್ರಾಕ್ಟರು, ಟನ್ನುಗಟ್ಟಲೆ ಕಬ್ಬು ಹೊರುವ ಟ್ರೇಲರು, ಇವೆರಡರ ನಡುವೆ ಅತ್ಯಂತ ಅಗ್ಗದ ಒಂದು ಪ್ಲಗ್ಗು. ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದ ಗಾದೆ ನೆನಪಾಯಿತು.

ನಮ್ಮ ಹಿರಿಯರ ಪದ್ಧತಿ

ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜ ಸಂಜೆ ಬಂಡಿ ಕಟ್ಟಿದರೆ ಮೊದಲು ನೋಡುತ್ತಿದ್ದುದು ಲಾಂದ್ರದ ಸೀಮೆಎಣ್ಣೆಯನ್ನು. ಗಾಜನ್ನು ಬೂದಿಯಿಂದ ಉಜ್ಜಿ, ಬತ್ತಿ ಕತ್ತರಿಸಿ, ಬಂಡಿಯ ಕೆಳಗೆ ಅಚ್ಚಿನ ಹತ್ತಿರ ತೂಗುಹಾಕುತ್ತಿದ್ದರು. ಎತ್ತಿನ ನಡಿಗೆಯ ವೇಗದಲ್ಲಿ ಹೋಗುವ ಗಾಡಿಗೆ ಅಷ್ಟು ಎಚ್ಚರಿಕೆಯಿತ್ತು. ಇಂದು ಅದೇ ರಸ್ತೆಯಲ್ಲಿ ಹಿಂದಿನಿಂದ ಬರುವ ವಾಹನಗಳ ವೇಗ ಅನೇಕ ಪಟ್ಟು ಹೆಚ್ಚಿದೆ, ನಮ್ಮ ಹೊರೆಯೂ ಹೆಚ್ಚಿದೆ. ಆದರೆ ಲಾಂದ್ರದ ಜಾಗ ಖಾಲಿಯಾಗಿದೆ.

ಒಂದು ಸರಳ ಲೆಕ್ಕ ಮಾಡಿ ನೋಡೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಮೋಟಾರು ಸೈಕಲ್ಲು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಸವಾರನು ಅಡ್ಡಿಯನ್ನು ಕಂಡು ಬ್ರೇಕು ಒತ್ತುವ ಮೊದಲು ಒಂದೂವರೆ ಸೆಕೆಂಡು ಕಳೆದರೆ 25 ಮೀಟರು ಹೋಗಿಬಿಡುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಹೆಚ್ಚುಕಡಿಮೆ ಇನ್ನಷ್ಟೇ ದೂರ ಬೇಕು. ಹೀಗೆ ಒಟ್ಟು 50 ಮೀಟರಿಗೂ ಹೆಚ್ಚು ದೂರದಿಂದಲೇ ಟ್ರೇಲರು ಕಾಣಿಸಬೇಕಾಗುತ್ತದೆ. ಧೂಳು ಹಿಡಿದ ಬಾಡಿ, ಒಣಗಿದ ರವದಿ ಇವು ತಗ್ಗಿಸಿದ ಮುಂದೀಪದ ಬೆಳಕಿಗೆ ಅಷ್ಟು ದೂರದಿಂದ ಕಾಣುವುದಿಲ್ಲ.

ಇದು ಕೇವಲ ಕಾಗದದ ಲೆಕ್ಕವಲ್ಲ. ಕೆಲವು ವರ್ಷಗಳ ಹಿಂದೆ ತಮ್ಮ ಹೊಲದಲ್ಲಿ ನನ್ನ ಪ್ರಯೋಗಕ್ಕೆ ಜಾಗ ಕೊಟ್ಟಿದ್ದ ಒಬ್ಬ ಯುವ ರೈತರು ರಾತ್ರಿ ಸಂತೆಯಿಂದ ಮರಳುವಾಗ ದೀಪವಿಲ್ಲದ ಟ್ರೇಲರಿನ ಹಿಂಬದಿಗೆ ಮೋಟಾರು ಸೈಕಲ್ಲು ಬಡಿದು ತೀರಿಕೊಂಡರು. ಮರುವರ್ಷ ಅವರ ಹೊಲದ ಕೂಳೆ ಬೆಳೆಯ ಇಳುವರಿ ತೆಗೆದುಕೊಳ್ಳಲು ಹೋದಾಗ ತೂಕದ ಲೆಕ್ಕ ಬರೆಸಿದವರು ಅವರ ತಂದೆ. ಆ ಟ್ರೇಲರಿನ ಯಜಮಾನರೂ ಅದೇ ಊರಿನವರು, ಕೆಟ್ಟವರೇನಲ್ಲ. ಅವರ ದೀಪವೂ ಆ ಹಂಗಾಮಿನ ಮೊದಲಲ್ಲಿ ಉರಿಯುತ್ತಿತ್ತಂತೆ.

ದೀಪ ಏಕೆ ಹೋಗುತ್ತದೆ?

ಬಹಳಷ್ಟು ಸಂದರ್ಭಗಳಲ್ಲಿ ದೋಷವಿರುವುದು ಬಲ್ಬಿನಲ್ಲಲ್ಲ, ಜೋಡಣೆಯಲ್ಲಿ. ಪಿನ್ನಿನ ಮೇಲೆ ಕಿಲುಬು ಹಿಡಿದರೆ ಅಥವಾ ಹಿಡಿತ ಸಡಿಲವಾದರೆ ಅಲ್ಲಿ ವಿದ್ಯುತ್ತಿಗೆ ತಡೆ ಉಂಟಾಗುತ್ತದೆ. 21 ವ್ಯಾಟಿನ ಎರಡು ಬ್ರೇಕ್ ದೀಪಗಳು 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತವೆ. ಪಿನ್ನಿನಲ್ಲಿ ಕೇವಲ ಅರ್ಧ ಓಮ್ ತಡೆ ಇದ್ದರೂ ಸುಮಾರು ಒಂದೂವರೆ ವೋಲ್ಟು ಅಲ್ಲಿಯೇ ನಷ್ಟವಾಗುತ್ತದೆ. ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹು ಬೇಗ ಕುಗ್ಗುವುದರಿಂದ ಇಷ್ಟಕ್ಕೇ ಬೆಳಕಿನ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಮಾಯವಾಗುತ್ತದೆ. ನಷ್ಟವಾದ ಶಕ್ತಿ ಸುಮಾರು 5 ವ್ಯಾಟಿನಷ್ಟು ಶಾಖವಾಗಿ ಆ ಸಣ್ಣ ಪಿನ್ನನ್ನೇ ಕಾಯಿಸುತ್ತದೆ. ಕಾದ ಪಿನ್ನು ಮತ್ತಷ್ಟು ಸಡಿಲವಾಗಿ ಕೊನೆಗೆ ದೀಪ ಪೂರ್ತಿ ಆರುತ್ತದೆ.

ಕಿಲುಬು ಹಿಡಿಯಲು ಮಳೆ ಮತ್ತು ಇಬ್ಬನಿ ಮಾತ್ರ ಕಾರಣವಲ್ಲ. ಇಲ್ಲಿ ನನ್ನ ಶಾಸ್ತ್ರಕ್ಕೂ ಒಂದು ಮಾತು ಹೇಳುವ ಅಧಿಕಾರವಿದೆ. ನಮ್ಮ ಟ್ರೇಲರು ಕಬ್ಬನ್ನಷ್ಟೇ ಒಯ್ಯುವುದಿಲ್ಲ. ಕೊಟ್ಟಿಗೆ ಗೊಬ್ಬರ, ಯೂರಿಯಾ, ಪೊಟ್ಯಾಷ್ ಎಲ್ಲವನ್ನೂ ಒಯ್ಯುತ್ತದೆ. ಗೊಬ್ಬರದಿಂದ ಹೊರಬೀಳುವ ಅಮೋನಿಯ ತಾಮ್ರ ಮತ್ತು ಹಿತ್ತಾಳೆಯನ್ನು ಕೊರೆಯುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಒಂದು ಕ್ಲೋರೈಡ್ ಲವಣ. ಅದರ ಪುಡಿ ಪಿನ್ನಿನ ಮೇಲೆ ಕುಳಿತು ತೇವ ತಗಲಿದರೆ ಉಪ್ಪುನೀರಿನ ಪದರವಾಗುತ್ತದೆ. ಆ ಪದರದ ಮೂಲಕ ಒಂದು ಪಿನ್ನಿನಿಂದ ಇನ್ನೊಂದಕ್ಕೆ ವಿದ್ಯುತ್ತು ಸೋರಿ ಲೋಹ ಕರಗತೊಡಗುತ್ತದೆ. ಆದ್ದರಿಂದ ಗೊಬ್ಬರ ಸಾಗಿಸಿದ ದಿನ ಟ್ರೇಲರು ತೊಳೆಯುವಾಗ ಪ್ಲಗ್ಗನ್ನು ಒಣ ಬಟ್ಟೆಯಿಂದ ಒರೆಸುವುದನ್ನು ಮರೆಯಬಾರದು.

ಏಳು ಪಿನ್ನುಗಳ ಕೆಲಸ

12 ವೋಲ್ಟಿನ ಏಳು ಪಿನ್ನಿನ ಜೋಡಣೆಗೆ ಐಎಸ್‌ಒ 1724 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರಂತೆ 1ನೆಯ ಪಿನ್ನು ಎಡ ಇಂಡಿಕೇಟರಿಗೆ, 2ನೆಯದು ಹಿಂಬದಿಯ ಮಂಜುದೀಪಕ್ಕೆ, 3ನೆಯದು ಅರ್ಥಿಗೆ, 4ನೆಯದು ಬಲ ಇಂಡಿಕೇಟರಿಗೆ, 5ನೆಯದು ಬಲಬದಿಯ ಕೆಂಪು ದೀಪಕ್ಕೆ, 6ನೆಯದು ಬ್ರೇಕ್ ದೀಪಕ್ಕೆ, 7ನೆಯದು ಎಡಬದಿಯ ಕೆಂಪು ದೀಪಕ್ಕೆ ಮೀಸಲು. ಸಾಮಾನ್ಯವಾಗಿ ಈ ಸಂಖ್ಯೆಗಳು ತಿರುಪುಗಳ ಪಕ್ಕದಲ್ಲಿ ಅಚ್ಚೊತ್ತಿರುತ್ತವೆ. ಕೆಲಸಗಾರರು ತಂತಿಯ ಬಣ್ಣ ನೋಡಿ ಜೋಡಿಸುವುದುಂಟು. ಆದರೆ ಪೇಟೆಯಲ್ಲಿ ಸಿಕ್ಕ ಬಣ್ಣದ ತಂತಿ ಹಾಕುವ ರೂಢಿಯಿರುವುದರಿಂದ ಬಣ್ಣವನ್ನು ನಂಬದೆ ಸಂಖ್ಯೆಯನ್ನೇ ಅನುಸರಿಸುವುದು ಒಳ್ಳೆಯದು. ಹಾಗೆ ಮಾಡಿದರೆ ನಿಮ್ಮ ಟ್ರೇಲರನ್ನು ನೆರೆಯವರ ಟ್ರಾಕ್ಟರಿಗೆ ಕಟ್ಟಿದಾಗಲೂ ಎಡ ಇಂಡಿಕೇಟರು ಎಡಕ್ಕೇ ಮಿನುಗುತ್ತದೆ.

ಇವುಗಳಲ್ಲಿ ಅತ್ಯಂತ ಮುಖ್ಯವಾದದ್ದೂ, ಎಲ್ಲರೂ ಅಲಕ್ಷಿಸುವುದೂ 3ನೆಯ ಪಿನ್ನು. ಅನೇಕರು ಅರ್ಥ್ ತಂತಿಯನ್ನೇ ಎಳೆಯದೆ ಟ್ರೇಲರಿನ ಕಬ್ಬಿಣ, ಕೊಂಡಿಯ ಪಿನ್ನು ಇವುಗಳ ಮೂಲಕವೇ ವಿದ್ಯುತ್ತು ಹಿಂತಿರುಗಲೆಂದು ಬಿಡುತ್ತಾರೆ. ಕೊಂಡಿಯಲ್ಲಿ ಗ್ರೀಸು, ತುಕ್ಕು, ಮಣ್ಣು ತುಂಬಿರುತ್ತದೆ. ಗಾಡಿ ಕುಲುಕಿದಂತೆಲ್ಲ ಸಂಪರ್ಕ ತಪ್ಪುತ್ತದೆ. ಇಂಡಿಕೇಟರು ಹಾಕಿದರೆ ಕೆಂಪು ದೀಪವೂ ಮಂಕಾಗಿ ಮಿನುಗುವುದನ್ನು ನೀವು ಕಂಡಿರಬಹುದು. ಹಿಂತಿರುಗುವ ದಾರಿ ಕಾಣದ ವಿದ್ಯುತ್ತು ಬೇರೆ ಬಲ್ಬಿನ ಮೂಲಕ ದಾರಿ ಹುಡುಕುವುದರ ಲಕ್ಷಣ ಅದು. ಆಗ ಬಲ್ಬು ಬದಲಿಸಿ ಹಣ ಕಳೆಯುವ ಬದಲು ಅರ್ಥನ್ನು ಸರಿಪಡಿಸಬೇಕು.

ಕೊಳ್ಳುವಾಗ ನೋಡಬೇಕಾದ ಅಂಶಗಳು

ಲೋಹದ ಪ್ಲಗ್ಗು ಒಳ್ಳೆಯದೋ ಪ್ಲಾಸ್ಟಿಕ್ಕಿನದೋ ಎಂದು ರೈತರು ಕೇಳುತ್ತಾರೆ. ಲೋಹದ್ದು ಪೆಟ್ಟು ತಡೆಯುತ್ತದೆ, ಆದರೆ ಒಳಗೆ ಬಿಳಿ ಪುಡಿ ಕಟ್ಟಿ ಮುಚ್ಚಳ ಬಿಗಿದುಕೊಳ್ಳುವ ಸಂಭವವಿದೆ. ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲ, ಆದರೆ ತೆಳುವಾದ ಕೀಳು ಪ್ಲಾಸ್ಟಿಕ್ಕು ಬಿಸಿಲಿಗೆ ಸೆಟೆದು ಒಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ನೆಲಕ್ಕೆ ಬಿದ್ದು ತುಳಿತಕ್ಕೆ ಸಿಕ್ಕುವ ಕಬ್ಬಿನ ಗಾಡಿಯ ಪ್ಲಗ್ಗಿಗೆ ಲೋಹದ ಕವಚ ಲೇಸು. ಗೊಬ್ಬರವನ್ನೇ ಹೆಚ್ಚು ಸಾಗಿಸುವವರಿಗೆ ದಪ್ಪನೆಯ ನೈಲಾನ್ ಕವಚ ಲೇಸು. ಆದರೆ ಕವಚಕ್ಕಿಂತ ಒಳಗಿರುವುದು ಮುಖ್ಯ. ಈ ಕೆಳಗಿನ ಅಂಶಗಳನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿರಿ.

1. ಪಿನ್ನುಗಳು ಗಟ್ಟಿ ಹಿತ್ತಾಳೆಯವಾಗಿದ್ದು ತವರ ಅಥವಾ ನಿಕ್ಕಲ್ ಲೇಪ ಹೊಂದಿರಬೇಕು. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವಿರಲಿ. ಪಿನ್ನು ಅದಕ್ಕೆ ಬಲವಾಗಿ ಅಂಟಿದರೆ ಲೇಪ ಹಾಕಿದ ಕಬ್ಬಿಣವೆಂದು ಸಂಶಯಿಸಿರಿ.

2. ಪ್ಲಗ್ಗನ್ನು ಸಾಕೆಟ್ಟಿಗೆ ಹಾಕಿ ತೆಗೆದು ನೋಡಿರಿ. ಹಾಕಲು ಸ್ವಲ್ಪ ಬಲ ಬೇಕಾಗಬೇಕು. ಸಲೀಸಾಗಿ ಜಾರಿದರೆ ಹೊಲದ ದಾರಿಯಲ್ಲಿ ಅದು ನಿಲ್ಲುವುದಿಲ್ಲ.

3. ಸಾಕೆಟ್ಟಿಗೆ ಸ್ಪ್ರಿಂಗಿನ ಮುಚ್ಚಳವೂ ಅದರ ಒಳಗೆ ರಬ್ಬರಿನ ಅಂಚೂ ಇರಬೇಕು. ಮುಚ್ಚಳವನ್ನು ಎತ್ತಿ ಬಿಟ್ಟರೆ ಅದು ತಾನಾಗಿಯೇ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಪ್ಲಗ್ಗು ಹಾಕಿದಾಗ ಅದನ್ನು ಹಿಡಿದು ನಿಲ್ಲಿಸುವ ಕೊಕ್ಕೆಯೂ ಆ ಮುಚ್ಚಳದಲ್ಲಿಯೇ ಇರುತ್ತದೆ.

4. ಪ್ಲಗ್ಗಿನ ಹಿಂಬದಿಯಲ್ಲಿ ಕೇಬಲ್ಲನ್ನು ಅಮುಕಿ ಹಿಡಿಯುವ ಪಟ್ಟಿ ಇರಲೇಬೇಕು. ಇದಿಲ್ಲದಿದ್ದರೆ ಎಳೆತವೆಲ್ಲ ತಿರುಪಿನ ಕೆಳಗಿನ ತಂತಿಯ ಎಳೆಗಳ ಮೇಲೆ ಬಿದ್ದು ಅವು ಒಂದೊಂದಾಗಿ ತುಂಡಾಗುತ್ತವೆ.

5. 12 ವೋಲ್ಟಿನದೆಂದು ಖಾತ್ರಿ ಮಾಡಿಕೊಳ್ಳಿರಿ. ಲಾರಿಗಳಿಗೆ ಬರುವ 24 ವೋಲ್ಟಿನ ಪ್ಲಗ್ಗು ನೋಡಲು ಇದರಂತೆಯೇ ಇರುತ್ತದೆ. ಹಾಗೆಯೇ 24 ವೋಲ್ಟಿನ ಬಲ್ಬು ನಮ್ಮ ಟ್ರಾಕ್ಟರಿನಲ್ಲಿ ಮಂಕಾಗಿಯೇ ಉರಿಯುತ್ತದೆ.

6. ಸಾಕೆಟ್ಟು ಮತ್ತು ಪ್ಲಗ್ಗು ಎರಡನ್ನೂ ಒಂದೇ ತಯಾರಿಕೆಯವನ್ನು ಜೊತೆಯಾಗಿ ಕೊಳ್ಳುವುದು ಉತ್ತಮ. ಹಳೆಯ ಸಡಿಲ ಸಾಕೆಟ್ಟಿಗೆ ಹೊಸ ಪ್ಲಗ್ಗು ಹಾಕಿದರೆ ಹೊಸದೂ ಬೇಗ ಕೆಡುತ್ತದೆ.

ಕೇಬಲ್ಲಿನ ವಿಷಯದಲ್ಲಿ ಜಿಪುಣತನ ಸಲ್ಲದು. ಒಂದೇ ರಬ್ಬರ್ ಅಥವಾ ಪಿ.ವಿ.ಸಿ. ಹೊದಿಕೆಯೊಳಗೆ ಏಳು ತಂತಿಗಳಿರುವ, ಸಣ್ಣ ತಾಮ್ರದ ಎಳೆಗಳಿಂದ ಹೆಣೆದ ಕೇಬಲ್ಲು ಬೇಕು. ದೀಪಗಳಿಗೆ 1.5 ಚದರ ಮಿ.ಮೀ., ಅರ್ಥಿಗೆ ಸಾಧ್ಯವಾದರೆ 2.5 ಚದರ ಮಿ.ಮೀ. ಗಾತ್ರದ ತಂತಿ ಇರಲಿ. ಮನೆಯ ಗೋಡೆಯೊಳಗೆ ಹಾಕುವ ಒಂಟಿ ಎಳೆಯ ಗಟ್ಟಿ ತಂತಿ ಕುಲುಕಾಟಕ್ಕೆ ಮುರಿಯುತ್ತದೆ. ಅಲ್ಯೂಮಿನಿಯಂ ತಂತಿಯಂತೂ ಬೇಡವೇ ಬೇಡ.

ಜೋಡಣೆ ಮತ್ತು ಪಾಲನೆ

ಟ್ರಾಕ್ಟರು ಪೂರ್ತಿ ತಿರುಗಿದಾಗಲೂ ಎಳೆತ ಬೀಳದಷ್ಟು ಸಡಿಲ ಕೇಬಲ್ಲಿಗಿರಬೇಕು. ಆದರೆ ಅದು ನೆಲಕ್ಕೆ ತಾಗುವಂತಿರಬಾರದು. ಕೊಂಡಿಯ ಪಿನ್ನಿಗೆ ಸುತ್ತುವುದನ್ನು ಬಿಟ್ಟು ಮೂಕಿಯ ಉದ್ದಕ್ಕೂ ಕ್ಲಿಪ್ಪುಗಳಿಂದ ಹಿಡಿಸಿರಿ. ಟ್ರೇಲರು ಬಿಚ್ಚಿದಾಗ ಪ್ಲಗ್ಗು ಮಣ್ಣಿಗೆ ಬೀಳದಂತೆ ಮೂಕಿಯ ಮೇಲೆ ತಂತಿ ಜೋಡಿಸದ ಒಂದು ಹಳೆಯ ಸಾಕೆಟ್ಟನ್ನು ಬಿಗಿದಿಟ್ಟು, ಪ್ಲಗ್ಗನ್ನು ಅದರಲ್ಲಿ ಸಿಕ್ಕಿಸಿಡುವುದು ಅತಿ ಸುಲಭವಾದ ಉಪಾಯ. ತಿಂಗಳಿಗೊಮ್ಮೆ ಪಿನ್ನುಗಳನ್ನು ನಯವಾದ ಉಜ್ಜುಕಾಗದದಿಂದ ಹಗುರವಾಗಿ ಒರೆಸಿ, ವ್ಯಾಸಲೀನಿನ ತೆಳು ಲೇಪ ಕೊಡಿರಿ. ಸೀಳು ಇರುವ ಪಿನ್ನು ಸಡಿಲವಾಗಿದ್ದರೆ ತೆಳುವಾದ ಚಾಕುವಿನ ತುದಿಯಿಂದ ಸೀಳನ್ನು ಕೂದಲೆಳೆಯಷ್ಟು ಅಗಲಿಸಿದರೆ ಹಿಡಿತ ಮರಳುತ್ತದೆ. ಇವನ್ನೆಲ್ಲ ದೀಪ ಆರಿಸಿ, ಪ್ಲಗ್ಗು ಹೊರತೆಗೆದೇ ಮಾಡಬೇಕು.

ಎರಡು ಟ್ರೇಲರು ಎಳೆಯುವವರ ಜವಾಬ್ದಾರಿ ಇನ್ನೂ ಹೆಚ್ಚಿನದು. ಹಿಂದಿನಿಂದ ಬರುವವನಿಗೆ ಕಾಣುವುದು ಕೊನೆಯ ಟ್ರೇಲರು ಮಾತ್ರ. ಮೊದಲನೆಯದರ ದೀಪ ಉರಿದು ಕೊನೆಯದು ಕತ್ತಲಾಗಿದ್ದರೆ ಆ ಬೆಳಕು ಯಾರಿಗೂ ಪ್ರಯೋಜನವಿಲ್ಲ. ಮೊದಲ ಟ್ರೇಲರಿನ ಹಿಂಬದಿಗೂ ಸಾಕೆಟ್ಟು ಇರಬೇಕು. ಆಗ ಮೊದಲ ಪ್ಲಗ್ಗಿನ ಮೂಲಕ ಹರಿಯುವ ವಿದ್ಯುತ್ತು ಇಮ್ಮಡಿಯಾಗುವುದರಿಂದ ಎಲ್‌ಇಡಿ ದೀಪಗಳನ್ನು ಹಾಕಿಸುವುದು ಲಾಭಕರ. ಅವು ಬಹು ಕಡಿಮೆ ವಿದ್ಯುತ್ತಿನಲ್ಲಿ ಉರಿಯುತ್ತವೆ. ಅವುಗಳಿಂದ ಇಂಡಿಕೇಟರು ಅತಿ ಬೇಗ ಮಿನುಗತೊಡಗಿದರೆ ತಕ್ಕ ಫ್ಲಾಷರು ಹಾಕಿಸಿಕೊಳ್ಳಬೇಕು. ಆದರೆ ಎಲ್‌ಇಡಿ ಹಾಕಿದ ಮಾತ್ರಕ್ಕೆ ಕಿಲುಬು ಹಿಡಿದ ಪಿನ್ನು ಸರಿಯಾಗುವುದಿಲ್ಲ. ಪದೇ ಪದೇ ಫ್ಯೂಸು ಹೋದರೆ ದಪ್ಪ ತಂತಿ ಸುತ್ತಿ ಮುಗಿಸದೆ ಕಾರಣವನ್ನು ಹುಡುಕಿರಿ.

ಕೆಲವರ ಆಕ್ಷೇಪಣೆಗಳು

"ಕೆಂಪು ಪ್ರತಿಫಲಕ ಅಂಟಿಸಿದ್ದೇವೆ, ದೀಪವೇಕೆ?" ಎನ್ನುವವರಿದ್ದಾರೆ. ಪ್ರತಿಫಲಕ ಅವಶ್ಯವಾಗಿ ಬೇಕು. ಆದರೆ ಅದು ಹಿಂದಿನವನ ಬೆಳಕು ಬಿದ್ದಾಗ ಮಾತ್ರ ಹೊಳೆಯುತ್ತದೆ, ಕೆಸರು ಮೆತ್ತಿದರೆ ಅದೂ ಇಲ್ಲ. ನೀವು ಬ್ರೇಕು ಹಿಡಿದಿರೆಂದಾಗಲಿ, ಬಲಕ್ಕೆ ತಿರುಗುತ್ತೀರೆಂದಾಗಲಿ ಅದು ಹೇಳಲಾರದು. ಹೊರಚಾಚಿದ ಕಬ್ಬು ದೀಪ, ಪ್ರತಿಫಲಕ ಎರಡನ್ನೂ ಮುಚ್ಚದಂತೆ ಹೇರುವುದೂ ಅಷ್ಟೇ ಮುಖ್ಯ.

"ನಾವು ಹಗಲಿನಲ್ಲಿಯೇ ಹೋಗುತ್ತೇವೆ" ಎನ್ನುವವರೂ ಇದ್ದಾರೆ. ಕಾರ್ಖಾನೆಯ ಮುಂದಿನ ಸಾಲು ನಮ್ಮ ಕೈಯಲ್ಲಿಲ್ಲ. ಬೆಳಿಗ್ಗೆ ಹೊರಟ ಗಾಡಿ ಖಾಲಿಯಾಗಿ ಮರಳುವಾಗ ಮಧ್ಯರಾತ್ರಿಯಾಗಬಹುದು. ಪಂಕ್ಚರು ಹೊತ್ತು ನೋಡಿ ಆಗುವುದಿಲ್ಲ.

ಖರ್ಚಿನ ಮಾತು ಕೊನೆಯದು. ಒಳ್ಳೆಯ ಪ್ಲಗ್ಗು, ಸಾಕೆಟ್ಟುಗಳ ಬೆಲೆ ಟ್ರೇಲರಿನ ಒಂದು ಟೈರಿನ ಬೆಲೆಯ ಸಣ್ಣ ಅಂಶ ಮಾತ್ರ. 1988ರ ಮೋಟಾರು ವಾಹನ ಕಾಯಿದೆ ಮತ್ತು 1989ರ ಕೇಂದ್ರ ನಿಯಮಗಳಂತೆ ಹಿಂಬದಿಯ ಕೆಂಪು ದೀಪ, ಪ್ರತಿಫಲಕಗಳು ಕಡ್ಡಾಯ. ಅಪಘಾತದ ಪರಿಹಾರದ ದಾವೆಯಲ್ಲಿ ದೀಪ ಉರಿಯುತ್ತಿತ್ತೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆದರೆ ದಂಡದ ಹೆದರಿಕೆಯಿಂದ ಹಾಕಿದ ದೀಪ ತಪಾಸಣೆಯ ದಿನದವರೆಗೆ ಮಾತ್ರ ಉರಿಯುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು.

ಹೊಣೆ ಯಾರದು?

ಎಲ್ಲ ಹೊಣೆಯನ್ನೂ ರೈತನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಟ್ರೇಲರು ಕಟ್ಟಿಕೊಡುವವರು ಬಣ್ಣ, ಹೂಬಳ್ಳಿ, ಹೆಸರು ಎಲ್ಲವನ್ನೂ ಅಂದವಾಗಿ ಬರೆದು ತಂತಿಯನ್ನು ಮಾತ್ರ ಹೇಗೋ ಎಳೆದು ಕೊಡುವುದನ್ನು ಬಿಡಬೇಕು. ಸಕ್ಕರೆ ಕಾರ್ಖಾನೆಗಳು ತೂಕದ ಕಟ್ಟೆಯ ಬಳಿ ದೀಪ ನೋಡುವ ಒಬ್ಬ ಆಳನ್ನೂ, ಪ್ಲಗ್ಗು ರಿಪೇರಿ ಮಾಡುವ ಒಬ್ಬ ಕೆಲಸಗಾರನನ್ನೂ ಹಂಗಾಮಿನುದ್ದಕ್ಕೂ ಇರಿಸಿದರೆ ಸಾಲಿನಲ್ಲಿ ಕಾಯುವ ಹೊತ್ತು ಸಾರ್ಥಕವಾಗುತ್ತದೆ.

ನಾವು ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. ಆ ರಾತ್ರಿಯ ಮರುದಿನ ನಮ್ಮ ಸಂಶೋಧನಾ ಕೇಂದ್ರದ ಟ್ರಾಕ್ಟರಿನ ಹಿಂದೆ ಬಗ್ಗಿ ನೋಡಿದೆ. ಸಾಕೆಟ್ಟಿನ ಮುಚ್ಚಳ ಮುರಿದು ಎಷ್ಟು ಕಾಲವಾಗಿತ್ತೋ ತಿಳಿಯದು, ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಆ ಟ್ರಾಕ್ಟರಿನ ಓಡಾಟದ ಪುಸ್ತಕಕ್ಕೆ ವರ್ಷಗಟ್ಟಲೆ ಸಹಿ ಹಾಕಿದವನು ನಾನೇ. ಬೇರೆಯವರ ಚಾಲಕನನ್ನು ಗದರಿಸಲು ಹೋಗಿದ್ದ ನನಗೆ ನಾಚಿಕೆಯಾಯಿತು. ಅಂದೇ ಹೊಸ ಸಾಕೆಟ್ಟು, ಪ್ಲಗ್ಗು, ಕೇಬಲ್ಲು ತರಿಸಿ ಹಾಕಿಸಿದೆವು. ಈಗ ನಮ್ಮ ತರಬೇತಿಗೆ ಬರುವ ರೈತರಿಗೆ ಬೀಜೋಪಚಾರದ ಜೊತೆಗೆ ಈ ಏಳು ಪಿನ್ನುಗಳನ್ನೂ ಬಿಚ್ಚಿ ತೋರಿಸುತ್ತಿದ್ದೇವೆ. ಎಲ್ಲ ತರಬೇತಿ ಕೇಂದ್ರಗಳಲ್ಲಿಯೂ ಇದು ನಡೆಯಬೇಕೆಂಬುದು ನನ್ನ ಆಗ್ರಹ.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಬೇಡ. ರೈತ ಬಾಂಧವರೇ, ಈ ಲೇಖನ ಓದಿದ ಸಂಜೆಯೇ ನಿಮ್ಮ ಟ್ರೇಲರನ್ನು ಅಂಗಳಕ್ಕೆ ತನ್ನಿರಿ. ಮನೆಯ ಮಗನನ್ನೋ ಮಗಳನ್ನೋ ಐವತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ನೀವು ಟ್ರಾಕ್ಟರಿನ ಮೇಲೆ ಕುಳಿತು ಮೊದಲು ಕೆಂಪು ದೀಪ, ನಂತರ ಬ್ರೇಕು, ಎಡ, ಬಲ ಎಂದು ಒಂದೊಂದಾಗಿ ಹಾಕಿರಿ. ಅಲ್ಲಿಂದ "ಕಾಣ್ತದೆ" ಎಂಬ ಉತ್ತರ ನಾಲ್ಕು ಸಲ ಬಂದ ಮೇಲೆಯೇ ಹೊರೆ ಹೇರಿರಿ. ಲಾಂದ್ರದ ಬತ್ತಿ ಕತ್ತರಿಸಲು ನಮ್ಮ ಅಜ್ಜನಿಗೆ ಬೇಕಾಗುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಹಿಡಿಯಲಾರದು.